ಕ್ಯಾಮೆರಾ ಹಾಕಿದ್ರೆ ಸಾಲದು, ಫೋಟೋ ಹೊರಗೆ ಬರಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯ್ತು. ಅಂದಿನಿಂದ ಮುನಿರಾಬಾದಿನಲ್ಲಿ ನೀರಿನ ಮಾತು ಬಂದಾಗೆಲ್ಲ ಯಾರಾದರೊಬ್ಬರು ಅಂತಾರೆ: ‘ಎಲ್ಲಾ ಕಡೆ ಕ್ಯಾಮೆರಾ ಹಾಕ್ಬೇಕ್ರೀ.’ ಹಾಕಲಿ, ಬ್ಯಾಡ ಅನ್ನೋರು ಯಾರು? ಆದರೆ ನನ್ನ ಪ್ರಶ್ನೆ ಬೇರೆ. ಆ ಕ್ಯಾಮೆರಾ ತೆಗೆದ ಫೋಟೋ ಹೋಗೋದು ಎಲ್ಲಿಗೆ?

ಸಾಮಾನ್ಯವಾಗಿ ಹೋಗೋದು ಕಚೇರಿಯೊಳಗಿನ ರೆಕಾರ್ಡರ್ ಪೆಟ್ಟಿಗೆಗೆ. ಪೆಟ್ಟಿಗೆಗೆ ಬೀಗ, ಬೀಗದ ಕೈ ಸಾಹೇಬರ ಬಳಿ. ಡಿಸ್ಕ್ ತುಂಬಿದ ಮೇಲೆ ಹಳೆಯದು ತಾನೇ ಅಳಿಸಿಹೋಗುತ್ತದೆ. ಇದು ಕಳ್ಳನನ್ನು ಹಿಡಿಯೋ ಏರ್ಪಾಡು, ನೀರಿನ ಲೆಕ್ಕ ಕೊಡೋ ಏರ್ಪಾಡಲ್ಲ.

ಎಡದಂಡೆ ಕಾಲುವೆ ಇಲ್ಲಿ ಹುಟ್ಟಿ ರಾಯಚೂರು ಜಿಲ್ಲೆಯವರೆಗೆ ಹರಿಯುತ್ತದೆ. ಕೊನೆ ಭಾಗದ ರೈತರು 69ನೇ ಮೈಲಿ, 104ನೇ ಮೈಲಿಯ ಗೇಜಿನಲ್ಲಿ ಎಷ್ಟು ಅಡಿ ನೀರಿದೆ ಅಂತ ಜಗಳಾಡಿದ್ದು ಇಂದು ನಿನ್ನೆಯದಲ್ಲ. ಮೇಲಿನವರು ‘ಬಿಟ್ಟೀವಿ’ ಅಂತಾರೆ, ಕೆಳಗಿನವರು ‘ಬಂದಿಲ್ಲ’ ಅಂತಾರೆ. ಒಂದು ಫೋಟೋ ಈ ಜಗಳವನ್ನು ಅರ್ಧಕ್ಕರ್ಧ ತಗ್ಗಿಸುತ್ತದೆ.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಬಹಳಷ್ಟು ನೆಟ್‌ವರ್ಕ್ ಕ್ಯಾಮೆರಾಗಳ ಸೆಟ್ಟಿಂಗ್ಸಿನಲ್ಲಿ ಎಫ್‌ಟಿಪಿ ಅಂತ ಒಂದು ಪುಟ ಇರುತ್ತದೆ. ಸರ್ವರಿನ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್, ಫೋಲ್ಡರ್ ತುಂಬಿ, ಹತ್ತು ನಿಮಿಷಕ್ಕೊಂದು ಫೋಟೋ ಅಂತ ಹೇಳಿದರೆ ಮುಗೀತು. ಒಂದು ಫೋಟೋ 200 ಕೆಬಿ ಅಂದುಕೊಳ್ಳಿ. ದಿನಕ್ಕೆ 144 ಫೋಟೋ, ತಿಂಗಳಿಗೆ ಒಂದು ಜಿಬಿಯೂ ಆಗಲ್ಲ. ಒಂದು ಸಿಮ್, ಒಂದು ಸೋಲಾರ್ ಪ್ಲೇಟು ಸಾಕು.

ಆದರೆ ಮೂರು ಕೆಲಸ ತಪ್ಪಬಾರದು. ಒಂದು, ಕ್ಯಾಮೆರಾದ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಬೇಕು. ಗಂಟೆ ತಪ್ಪಿದ ಫೋಟೋ ಸಾಕ್ಷಿಯಾಗಲ್ಲ. ಎರಡು, ಫೈಲಿನ ಹೆಸರಿನಲ್ಲೇ ತಾರೀಖು, ವೇಳೆ ಇರಬೇಕು. ಒಂದೇ ಹೆಸರಿಟ್ಟರೆ ಹೊಸ ಫೋಟೋ ಹಳೆಯದನ್ನು ನುಂಗುತ್ತದೆ. ಮೂರು, ಗೇಜಿನ ಬಿಳಿ ಪಟ್ಟಿಗೆ ನೇರ ಎದುರಿಗೆ ಇಡಬಾರದು. ರಾತ್ರಿ ಕ್ಯಾಮೆರಾದ ಬೆಳಕೇ ತಿರುಗಿ ಹೊಡೆದು ಅಂಕಿ ಕಾಣಲ್ಲ.

‘ಭದ್ರತೆ’ ಅನ್ನೋ ಮಾತು ಬಂದೇ ಬರುತ್ತದೆ. ಭದ್ರತೆ ಬೇಕು. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದರಿಂದ. ಮೊದಲು ಅದನ್ನು ಬದಲಿಸಿ. ಬರಿ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆ ಹೋಗುತ್ತದೆ, ಆದ್ದರಿಂದ ಎಫ್‌ಟಿಪಿಎಸ್ ಅಥವಾ ಎಸ್‌ಎಫ್‌ಟಿಪಿ ಇರುವ ಕ್ಯಾಮೆರಾನೇ ಕೊಳ್ಳಿ. ಈ ಪದ್ಧತಿಯಲ್ಲಿ ಕ್ಯಾಮೆರಾ ತಾನೇ ಫೋಟೋ ಹೊರಗೆ ಕಳಿಸುತ್ತದೆ. ನೋಡೋರು ಯಾರೂ ಅದರ ಒಳಗೆ ಹೊಗಬೇಕಿಲ್ಲ. ಗೇಟು ಎತ್ತೋ ಕೋಣೆ ತೋರಿಸಿ ಅಂತ ಯಾರು ಕೇಳ್ಯಾರ? ನಾವು ಕೇಳೋದು ಗೇಜಿನ ಪಟ್ಟಿ. ಅದು ಬಯಲಲ್ಲೇ ನಿಂತೈತಿ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಜನ ಅರ್ಜಿ ಹಾಕೋ ಮುಂಚೆಯೇ ಕಚೇರಿಗಳು ಆದಷ್ಟು ಮಾಹಿತಿ ತಾವಾಗಿ ಹೊರಗಿಡಬೇಕು ಅನ್ನುತ್ತದೆ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವಿನ ಅಂಕಿ ದಿನಾ ಬರ್ತಾವೆ, ಒಳ್ಳೇದು. ಆದರೆ ಅಂಕಿ ಬರೆಯೋದು ಒಬ್ಬರ ಕೈ. ಫೋಟೋ ಆದರೆ ನಾಟಿ ಮಾಡಿ ನೀರಿಗೆ ಕಾದು ಕೂತ ರೈತ ತಾನೇ ಓದಿಕೊಳ್ತಾನೆ.

ಹಾಗಾಗಿ ಮುಂದಿನ ಸಲ ಯಾರಾದರೂ ‘ಕ್ಯಾಮೆರಾ ಹಾಕಿಸ್ತೀವಿ’ ಅಂದ್ರೆ ಚಪ್ಪಾಳೆ ಹೊಡೀಬ್ಯಾಡ್ರಿ. ಫೋಟೋ ನೋಡೋ ವಿಳಾಸ ಕೇಳ್ರಿ.