ಮೊದಲ ನೋಟ

ಅಪರಾಧ ನಡೆದ ಸ್ಥಳಕ್ಕೆ ಧಾವಿಸುವ ಪೋಲೀಸರು ಮೊದಲು ಅರಿಯಬೇಕಾದ ಸಂಗತಿಗಳು ಎರಡು: ಪೆಟ್ಟು ತಿಂದವರು ಯಾರು? ಕೊಟ್ಟವರು ಎತ್ತ ಹೋದರು? ನೊಂದವನ ಮೈಬಣ್ಣವು ಕಣ್ಣಿಗೆ ಅಡ್ಡ ಬಂದರೆ ಈ ಸರಳ ಪ್ರಶ್ನೆಗಳ ಉತ್ತರವೂ ತಲೆಕೆಳಗಾಗುತ್ತದೆ. ಲಂಡನ್ನಿನ ಒಂದು ಪ್ರಕರಣ ಇದಕ್ಕೆ ನಿದರ್ಶನ.

1993ನೆಯ ಇಸವಿ ಏಪ್ರಿಲ್ 22ರ ರಾತ್ರಿ. ನಗರದ ಆಗ್ನೇಯಕ್ಕಿರುವ ಎಲ್ಟ್‌ಹ್ಯಾಮ್ ಎಂಬಲ್ಲಿ ಇಬ್ಬರು ಕರಿಯ ತರುಣರು ಬಸ್ಸಿಗಾಗಿ ಕಾದಿದ್ದರು. ಬಿಳಿಯ ಯುವಕರ ಗುಂಪೊಂದು ನಿಷ್ಕಾರಣವಾಗಿ ಅವರ ಮೇಲೆರಗಿತು. 18 ವರ್ಷದ ಸ್ಟೀಫನ್ ಲಾರೆನ್ಸ್ ಇರಿತಕ್ಕೆ ಗುರಿಯಾಗಿ, ನೂರು ಗಜಕ್ಕೂ ಮಿಕ್ಕಿ ಓಡಿ ಕುಸಿದನು. ಅವನ ಗೆಳೆಯ ಡುವೇನ್ ಬ್ರೂಕ್ಸ್ ಆಂಬುಲೆನ್ಸಿಗಾಗಿ ಟೆಲಿಫೋನಿನಲ್ಲಿ ಮೊರೆಯಿಟ್ಟನು.

ಬಂದ ಪೋಲೀಸರಲ್ಲಿ ಯಾರೊಬ್ಬರೂ ಗಾಯಾಳುವಿಗೆ ಸರಿಯಾದ ಪ್ರಥಮ ಚಿಕಿತ್ಸೆ ಮಾಡಲಿಲ್ಲ. ಬ್ರೂಕ್ಸ್ ತಾನೂ ಆಕ್ರಮಣಕ್ಕೊಳಗಾದವನು. ಗೆಳೆಯನ ರಕ್ತ ಹರಿಯುವುದನ್ನು ಕಣ್ಣಾರೆ ಕಂಡವನು. ಆದರೆ ಅವನ ತಳಮಳ ಅವರ ಕಣ್ಣಿಗೆ ಉದ್ಧಟತನವಾಗಿ ತೋರಿತು. ಸಾಂತ್ವನಕ್ಕೆ ಅರ್ಹನಾದವನು ಸಂಶಯಕ್ಕೆ ಪಾತ್ರನಾದನು. ಸ್ಟೀಫನ್ ಅಂದೇ ರಾತ್ರಿ ತೀರಿಕೊಂಡನು.

ಇನ್ನು ಶಂಕಿತರ ವಿಷಯ. ಮರುದಿನವೇ ಕೆಲವರ ಹೆಸರುಗಳು ಪೋಲೀಸರ ಕೈಸೇರಿದುವು. ಶಂಕಿತರ ಮನೆಯ ಮೇಲೆ ಕಣ್ಣಿಟ್ಟವರ ಎದುರಿನಲ್ಲೇ ಕಪ್ಪು ಚೀಲವೊಂದು ಹೊರಗೆ ಸಾಗಿತು, ತಡೆದು ನೋಡಿದವರಿಲ್ಲ. ಬಂಧನಗಳು ಆರಂಭವಾದುದು ಮೇ 7ರಂದು. ಸಾಕ್ಷ್ಯಗಳನ್ನು ಅಳಿಸಲು ಎರಡು ವಾರ ಸಾಲದೆ?

ತಂದೆತಾಯಿಗಳು ಹಿಡಿದ ಪಟ್ಟು ಬಿಡಲಿಲ್ಲ. ಅದರ ಫಲವಾಗಿ ಸರ್ ವಿಲಿಯಂ ಮ್ಯಾಕ್‌ಫರ್ಸನ್ನರ ನೇತೃತ್ವದಲ್ಲಿ ವಿಚಾರಣೆ ನಡೆದು, 1999ರಲ್ಲಿ 70 ಶಿಫಾರಸುಗಳ ವರದಿ ಹೊರಬಂದಿತು. ಅಧಿಕಾರಿಗಳ ಅದಕ್ಷತೆ, ನಾಯಕತ್ವದ ವೈಫಲ್ಯ, ಇವೆರಡರ ಜೊತೆಗೆ ಪೋಲೀಸ್ ಸಂಸ್ಥೆಯಲ್ಲೇ ಬೇರೂರಿದ ವರ್ಣಭೇದ ತನಿಖೆಯನ್ನು ಕೆಡಿಸಿತೆಂದು ಅದು ಸಾರಿತು. ಕಡೆಗೆ 2012ರಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲೊಬ್ಬನ ಜಾಕೆಟ್ಟಿನ ಮೇಲಿದ್ದ, ಬರಿಗಣ್ಣಿಗೆ ಕಾಣುವುದೂ ಕಷ್ಟವಾದ ರಕ್ತದ ಕಲೆಯೊಂದು ಮುಖ್ಯ ಸಾಕ್ಷ್ಯವಾಯಿತು. ಗುಂಪಿನ ಉಳಿದವರಿಗೆ ಈ ಕೊಲೆಗಾಗಿ ಶಿಕ್ಷೆಯಾಗಿಲ್ಲ.

ಲಾಠಿಯ ಏಟಾಗಲಿ ಲಂಚದ ಹಣವಾಗಲಿ ಇಲ್ಲದೆಯೂ ನ್ಯಾಯ ಕೆಡಬಹುದೆಂಬುದನ್ನು ವಾಚಕರು ಗಮನಿಸಬೇಕು. ಒಬ್ಬನನ್ನು ಮೊದಲೇ ಕೆಟ್ಟವನೆಂದೆಣಿಸಿದ ನೋಟವೊಂದೇ ಅದಕ್ಕೆ ಸಾಕು. ಆ ನೋಟ ಖಾಕಿ ಬಟ್ಟೆಯವರ ಸೊತ್ತಲ್ಲ. ಬೀದಿಯಲ್ಲಿ ಗುಂಪು ಕೂಡಿದಾಗ, ಅಂಗಿ ಹರಿದವನನ್ನೇ ಕಳ್ಳನೆನ್ನುವ ನಮ್ಮ ಕಣ್ಣುಗಳಲ್ಲೂ ಅದು ಇದೆ.