ನಗೆಗೆ ಅಂಜಿದ ಆಟಗಾರ

ಕಿರಿಮಂಜೇಶ್ವರದ ನಮ್ಮ ಮನೆಗೆ ರಜೆಗೆಂದು ಬಂದ ಮೊಮ್ಮಗನು, “ಅಜ್ಜಯ್ಯ, ಬಾಸ್ಕೆಟ್‌ಬಾಲಿನಲ್ಲಿ ಒಬ್ಬನೇ ನೂರು ಅಂಕ ಗಳಿಸಿದ್ದುಂಟಾ?” ಎಂದು ಕೇಳಿದನು. ಉಂಟು. ಅಮೆರಿಕದ ವೃತ್ತಿಪರ ಕೂಟದಲ್ಲಿ ವಿಲ್ಟ್ ಚೇಂಬರ್ಲೇನನು 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದನು.

ಎದುರಾಳಿಯು ತಪ್ಪೆಸಗಿದಾಗ, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಚೆಂಡೆಸೆಯಲು ದೊರೆಯುವ ಅವಕಾಶಕ್ಕೆ ‘ಫ್ರೀ ಥ್ರೋ’ ಎಂದು ಹೆಸರು. ಚೇಂಬರ್ಲೇನನಿಗೆ ಅದೇ ಕಷ್ಟವಾಗಿದ್ದಿತು. ಆ ವರ್ಷ ಅವನು ಚೆಂಡನ್ನು ಎರಡು ಕೈಗಳಿಂದಲೂ ಹಿಡಿದು, ಮೊಣಕಾಲ ಬಳಿಯಿಂದ ಮೇಲಕ್ಕೆ ತೂಗಿ ಎಸೆಯುತ್ತಿದ್ದನು. ಅಂದು 32 ಎಸೆತಗಳಲ್ಲಿ 28 ಗುರಿಮುಟ್ಟಿದವು. ಆದರೂ ಆ ಭಂಗಿಯು ಗಂಡಸಿಗೆ ತಕ್ಕುದಲ್ಲವೆಂದು ನಾಚಿ ಅದನ್ನು ತೊರೆದನು. ತೊರೆದುದು ತಪ್ಪೆಂದು ಆತ್ಮಚರಿತ್ರೆಯಲ್ಲಿ ತಾನೇ ಒಪ್ಪಿಕೊಂಡನು. ಒಟ್ಟು 31,419 ಅಂಕಗಳನ್ನು ಗಳಿಸಿ 1973ರಲ್ಲಿ ಆಟವನ್ನು ಮುಗಿಸಿದಾಗ, ಅವನ ಫ್ರೀ ಥ್ರೋಗಳಲ್ಲಿ ನೂರಕ್ಕೆ 51 ಮಾತ್ರ ಸಫಲವಾಗಿದ್ದವು. ಅದೇ ಭಂಗಿಯನ್ನು ಕಡೆಯವರೆಗೂ ಬಿಡದ ರಿಕ್ ಬ್ಯಾರಿಗೆ ನೂರಕ್ಕೆ ಸುಮಾರು 90 ಸಿದ್ಧಿಸಿದವು.

ಮೊಮ್ಮಗನಿಗೆ ಇದನ್ನು ಹೇಳುತ್ತಿದ್ದಂತೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನೆನಪಾದನು. ಅವನು ಬೆರಳು ಮಡಿಚಿ ಲೆಕ್ಕ ಮಾಡುತ್ತಿದ್ದನು, ಉತ್ತರವು ತಪ್ಪುತ್ತಿರಲಿಲ್ಲ. ಒಂದು ದಿನ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆಮೇಲೆ ಅವನು ಬೆರಳನ್ನೂ ಮಡಿಚಲಿಲ್ಲ, ಉತ್ತರವನ್ನೂ ಹೇಳಲಿಲ್ಲ.

ವಾಚಕರೆ, ಮಗುವಿನ ರೀತಿಯು ವಿಚಿತ್ರವಾಗಿ ಕಂಡರೆ ಮೊದಲು ಫಲವನ್ನು ನೋಡಿರಿ. ಫಲವು ಸರಿಯಾಗಿದ್ದರೆ ನಗಬೇಡಿರಿ.