ಬಾಗಿಲು ತೆರೆದರೆ ತೀರದ ಬಂಧ

ಒಡೆಯರು ಕೈಬಿಟ್ಟ ಕಾಕಟೂ ಹಕ್ಕಿ ತನ್ನ ಗರಿಗಳನ್ನು ತಾನೇ ಕಿತ್ತು, ಎದೆಯನ್ನು ಕೊಕ್ಕಿನಿಂದ ಗಾಯಮಾಡಿಕೊಳ್ಳುವುದುಂಟು. ದೇಹದ ರೋಗವೂ ಕಾರಣವಿರಬಹುದಾದ್ದರಿಂದ ಪಶುವೈದ್ಯರ ಪರೀಕ್ಷೆ ಮೊದಲು ಆಗಬೇಕು. ಆದರೆ ಹಿಂಡಿನಲ್ಲಿ ಬಾಳುವ, ಹಲವು ದಶಕ ಬದುಕುವ ಈ ಜೀವಕ್ಕೆ ಒಂಟಿತನವೂ ಅಷ್ಟೇ ದೊಡ್ಡ ರೋಗ.

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ. ಹೊಡೆಯುವುದಕ್ಕಿಂತ ಮೊದಲೇ ಕಟ್ಟಿಹಾಕುವುದನ್ನು ಎಣಿಸಲಾಗಿದೆ. ರೆಕ್ಕೆ ಕತ್ತರಿಸುವುದು ಛೇದವೇ. ಹೊತ್ತಿಗೆ ಸರಿಯಾಗಿ ಹಣ್ಣು, ಕಾಳು ಕೊಟ್ಟೆವೆಂದು ಸಮಾಧಾನಪಡುವವರು ಐದನೆಯ ದೋಷವನ್ನು ಮಾತ್ರ ತಪ್ಪಿಸಿಕೊಂಡವರು.

ಹಾಗೆಂದು ಪಂಜರ ತೆರೆದು ಹಾರಿಬಿಡುವುದು ದಯೆಯಲ್ಲ. ಆಸ್ಟ್ರೇಲಿಯಾ, ಇಂಡೋನೇಷ್ಯಾ ಕಡೆಯ ಈ ಹಕ್ಕಿ ಹೆಗ್ಗಡದೇವನಕೋಟೆಯ ಕಾಡಿನಲ್ಲಾಗಲಿ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಾಗಲಿ ಉಳಿಯಲಾರದು. ದೆಹಲಿಯ ಲಾಲ್ ಮಂದಿರದ ಜೈನ ಪಕ್ಷಿ ಆಸ್ಪತ್ರೆ ಗುಣವಾದ ಹಕ್ಕಿಗಳನ್ನು ಆಗಸಕ್ಕೆ ಬಿಡುತ್ತದೆ. ಕಾಕಟೂವಿಗೆ ಆ ದಾರಿಯಿಲ್ಲ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನದಂಥ ಆಶ್ರಯ ಬೇಕು, ಇಲ್ಲವೇ ತಾಳ್ಮೆಯುಳ್ಳ ಮನೆ.

ತಾಳ್ಮೆಯೇ ಕಠಿಣ. ದೂರದಲ್ಲಿ ಕುಳಿತು ಮೆಲ್ಲನೆ ಮಾತನಾಡುವುದು, ದಿನವೂ ಒಂದೇ ಹೊತ್ತಿಗೆ ಆಹಾರ, ಕಡಿದು ಸೀಳಲು ಮೆತ್ತನೆಯ ಮರದ ತುಂಡು, ಕತ್ತಲಲ್ಲಿ ದೀರ್ಘ ನಿದ್ದೆ. ಕೊರಳಿಗೆ ಹಾಕುವ ಪಟ್ಟಿ ಕೊಕ್ಕನ್ನು ತಡೆದೀತು, ಭಯವನ್ನಲ್ಲ. ಹಕ್ಕಿ ಹಿಂದೆ ಸರಿದರೆ ಮನುಷ್ಯನೂ ಸರಿಯಬೇಕು. ಮುಟ್ಟಿ ಮುದ್ದಿಸಲೇಬೇಕೆಂಬ ಹಂಬಲವೂ ಪರಿಗ್ರಹವಲ್ಲದೆ ಮತ್ತೇನು? ಗರಿಯ ಬುಡವೇ ಕೆಟ್ಟಿದ್ದರೆ ಗರಿ ಮತ್ತೆ ಮೂಡದು. ಆದರೂ ಆ ಬೋಳು ಎದೆಯ ಹಕ್ಕಿ ಎಂದೋ ಒಂದು ದಿನ ತಾನಾಗಿ ಬಂದು ಅಂಗೈಯಿಂದ ಕಡಲೆಬೀಜ ತೆಗೆದುಕೊಂಡೀತು.